ಇಂಟರ್ನೆಟ್ ಟಿವಿ ಆ್ಯಪ್ ತೊಡಕಿದಾಗ: ದೋಷದ ಜಾಗ ಹುಡುಕಿ ಸರಿಪಡಿಸುವ ಬಗೆ

ಇಂಟರ್ನೆಟ್ ಮೂಲಕ ಟಿವಿ ನೋಡುವ ಆ್ಯಪ್ ಕೈಕೊಟ್ಟ ಕೂಡಲೇ ಹೆಚ್ಚಿನವರು ಆ್ಯಪನ್ನು ಅಳಿಸಿ ಮತ್ತೆ ಹಾಕುತ್ತಾರೆ, ರೂಟರನ್ನು ಆರಿಸಿ ಹಚ್ಚುತ್ತಾರೆ, ಸೆಟ್ಟಿಂಗ್ಸ್‌ನಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಬದಲಿಸುತ್ತಾರೆ. ಇಷ್ಟನ್ನೂ ಒಟ್ಟಿಗೆ ಮಾಡಿದಾಗ ವಿಡಿಯೋ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ನಾಳೆ ಅದೇ ತೊಂದರೆ ಮರುಕಳಿಸಿದರೆ ಮತ್ತೆ ಮೊದಲಿನಿಂದ ಪರದಾಡಬೇಕು. ಸರಿಹೋಗದಿದ್ದರಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆದ್ದರಿಂದ ಇಲ್ಲಿ ಪರಿಹಾರಕ್ಕಿಂತ ಮೊದಲು ದೋಷ ಎಲ್ಲಿದೆಯೆಂದು ಗುರುತಿಸುವುದಕ್ಕೆ ಹೆಚ್ಚು ಒತ್ತು ಕೊಟ್ಟಿದ್ದೇನೆ. ಒಮ್ಮೆಗೆ ಒಂದನ್ನೇ ಬದಲಿಸಿ ಪರಿಣಾಮ ನೋಡಿ. ಫಲ ಕಾಣದಿದ್ದರೆ ಅದನ್ನು ಮೊದಲಿದ್ದಂತೆಯೇ ಇಟ್ಟು ಮುಂದಕ್ಕೆ ಹೋಗಿ.

ಮೊದಲ ಐದು ನಿಮಿಷ

ವಿಡಿಯೋ ನಿಮ್ಮ ಪರದೆಯನ್ನು ಮುಟ್ಟುವ ಮುನ್ನ ಪ್ರಸಾರ ಮಾಡುವವರ ಸರ್ವರ್, ಇಂಟರ್ನೆಟ್ ಸೇವೆ ಕೊಡುವವರ ಜಾಲ, ಮನೆಯ ರೂಟರ್, ವೈಫೈ, ಟಿವಿ ಅಥವಾ ಅದಕ್ಕೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್, ಅದರೊಳಗಿನ ಆ್ಯಪ್, ಕೊನೆಗೆ ಎಚ್‌ಡಿಎಂಐ ಕೇಬಲ್ ಹೀಗೆ ಹಲವು ಕೊಂಡಿಗಳನ್ನು ದಾಟುತ್ತದೆ. ಯಾವ ಕೊಂಡಿ ಸಡಿಲವಾಗಿದೆ ಎಂದು ತಿಳಿಯಲು ನಾಲ್ಕು ಪರೀಕ್ಷೆಗಳು ಸಾಕು. ಮೊದಲು ಅದೇ ಆ್ಯಪ್‌ನಲ್ಲಿ ಬೇರೆ ಎರಡು ಮೂರು ಚಾನೆಲ್ ಅಥವಾ ಕಾರ್ಯಕ್ರಮಗಳನ್ನು ಹಾಕಿ ನೋಡಿ. ಅವು ಸರಾಗವಾಗಿ ಓಡಿದರೆ ತಪ್ಪು ಬಹುತೇಕ ಆ ಒಂದು ಚಾನೆಲ್‌ನ ಮೂಲದಲ್ಲೇ ಇದೆ, ಕಾಯುವುದನ್ನು ಬಿಟ್ಟು ನೀವು ಮಾಡಬಹುದಾದದ್ದು ಹೆಚ್ಚೇನಿಲ್ಲ. ಎಲ್ಲವೂ ತೊಡಕಿದರೆ ಅದೇ ಸಾಧನದಲ್ಲಿ ಬೇರೊಂದು ವಿಡಿಯೋ ಆ್ಯಪ್ ತೆರೆಯಿರಿ. ಅದು ಸರಿಯಿದ್ದರೆ ದೋಷ ಮೊದಲ ಆ್ಯಪ್‌ನಲ್ಲೋ ಅದರ ಸರ್ವರ್‌ನಲ್ಲೋ ಇದೆ. ಎರಡೂ ತೊಡಕಿದರೆ ಅದೇ ವೈಫೈನಲ್ಲಿರುವ ಫೋನ್‌ನಲ್ಲಿ, ಟಿವಿಯ ಪಕ್ಕದಲ್ಲೇ ನಿಂತು, ಅದೇ ಕಾರ್ಯಕ್ರಮವನ್ನು ಹಾಕಿ. ಫೋನ್‌ನಲ್ಲಿ ಸರಿಯಾಗಿ ಬಂದು ಟಿವಿಯಲ್ಲಿ ಮಾತ್ರ ನಿಂತರೆ ಟಿವಿಯನ್ನು ಶಂಕಿಸಬೇಕು. ಕೊನೆಯದಾಗಿ ಫೋನ್‌ನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ. ಆಗ ಸರಿಹೋದರೆ ಮನೆಯ ಸಂಪರ್ಕದ ಮೇಲೆ, ಆಗಲೂ ಆಗದಿದ್ದರೆ ಸೇವೆಯ ಮೇಲೋ ನಿಮ್ಮ ಖಾತೆಯ ಮೇಲೋ ಅನುಮಾನ ಪಡಬಹುದು.

ಈ ಪರೀಕ್ಷೆಗಳಿಗೆ ಮುನ್ನ ಸಾಧನವನ್ನು ಒಮ್ಮೆ ನಿಜವಾಗಿ ಆರಿಸಿ ಹಚ್ಚಬೇಕು. ನಿಜವಾಗಿ ಎಂದದ್ದಕ್ಕೆ ಕಾರಣವಿದೆ. ರಿಮೋಟ್‌ನ ಪವರ್ ಗುಂಡಿ ಒತ್ತಿದಾಗ ಈಗಿನ ಬಹುತೇಕ ಟಿವಿಗಳು ಆರುವುದಿಲ್ಲ, ತೂಕಡಿಸುತ್ತವೆ ಅಷ್ಟೇ. ಹಿನ್ನೆಲೆಯಲ್ಲಿ ಸಿಕ್ಕಿಕೊಂಡ ಆ್ಯಪ್ ಮರುದಿನವೂ ಹಾಗೆಯೇ ಸಿಕ್ಕಿಕೊಂಡಿರುತ್ತದೆ. ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿ, ಅಥವಾ ಸೆಟ್ಟಿಂಗ್ಸ್‌ನಲ್ಲಿರುವ ರೀಸ್ಟಾರ್ಟ್ ಆಯ್ಕೆಯನ್ನೇ ಬಳಸಿ.

ಚಕ್ರ ಸುತ್ತುತ್ತಲೇ ಇರುವಾಗ

ಬಫರಿಂಗ್ ಎಲ್ಲಕ್ಕಿಂತ ಸಾಮಾನ್ಯವಾದ ದೂರು, ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಅರ್ಥೈಸಲ್ಪಡುವ ದೂರೂ ಹೌದು. ಇಂಟರ್ನೆಟ್ ಟಿವಿಯಲ್ಲಿ ವಿಡಿಯೋ ನಲ್ಲಿಯ ನೀರಿನಂತೆ ಒಂದೇ ಧಾರೆಯಾಗಿ ಬರುವುದಿಲ್ಲ. ಆಪಲ್ 2009ರಲ್ಲಿ ಹೊರತಂದ ಎಚ್‌ಎಲ್‌ಎಸ್ ಇರಲಿ, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಡ್ಯಾಶ್ ಇರಲಿ, ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಡುವ ವಿಧಾನಗಳು ಅವು. ಆ್ಯಪ್ ಮುಂದಿನ ತುಣುಕುಗಳನ್ನು ಮುಂಚಿತವಾಗಿ ತರಿಸಿಕೊಂಡು ಕೂಡಿಡುತ್ತದೆ. ಈ ದಾಸ್ತಾನಿಗೇ ಬಫರ್ ಎನ್ನುವುದು. ಜಾಲ ನಿಧಾನವಾದರೆ ಆ್ಯಪ್ ಕಡಿಮೆ ಗುಣಮಟ್ಟದ ತುಣುಕುಗಳಿಗೆ ಇಳಿಯುತ್ತದೆ, ಚಿತ್ರ ಮಸುಕಾಗುತ್ತದೆ. ಹಾಗೆ ಇಳಿದ ಮೇಲೂ ದಾಸ್ತಾನು ಬರಿದಾದಾಗ ಮಾತ್ರ ಚಕ್ರ ಕಾಣಿಸಿಕೊಳ್ಳುತ್ತದೆ.

ಇದನ್ನು ಅರಿತರೆ ಲಕ್ಷಣವೇ ಕಾರಣವನ್ನು ಹೇಳತೊಡಗುತ್ತದೆ. ಚಿತ್ರ ಸದಾ ಮಸುಕಾಗಿದ್ದು ಆಗಾಗ ನಿಲ್ಲುತ್ತಿದ್ದರೆ ಸಿಗುತ್ತಿರುವ ವೇಗವೇ ಕಡಿಮೆ. ಚಿತ್ರ ಸ್ಪಷ್ಟವಾಗಿ ಓಡುತ್ತಿದ್ದು ಇದ್ದಕ್ಕಿದ್ದಂತೆ ನಿಂತು, ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಸ್ಪಷ್ಟವಾಗಿಯೇ ಮುಂದುವರಿದರೆ ವೇಗಕ್ಕೆ ಕೊರತೆಯಿಲ್ಲ, ಸಂಪರ್ಕ ಮಧ್ಯೆ ಮಧ್ಯೆ ಕಡಿಯುತ್ತಿದೆ. ಆರಂಭದ ಕೆಲವು ಸೆಕೆಂಡು ಮಸುಕಾಗಿದ್ದು ನಂತರ ತಿಳಿಯಾಗುವುದು ದೋಷವೇ ಅಲ್ಲ. ಆ್ಯಪ್ ಬೇಗ ಶುರುಮಾಡಲೆಂದು ಚಿಕ್ಕ ತುಣುಕನ್ನು ಮೊದಲು ತರಿಸಿಕೊಂಡಿದೆ.

ಎಷ್ಟು ವೇಗ ಬೇಕು ಎಂಬುದಕ್ಕೆ ನೆಟ್‌ಫ್ಲಿಕ್ಸ್ ತನ್ನ ಬಳಕೆದಾರರಿಗೆ ಸೂಚಿಸುವ ಅಂಕಿಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು: 720ಪಿ ಚಿತ್ರಕ್ಕೆ 3 ಎಂಬಿಪಿಎಸ್, 1080ಪಿಗೆ 5, 4ಕೆಗೆ 15. ಇದು ಒಂದು ಪರದೆಗೆ ಬೇಕಾದ ವೇಗ. ಮನೆಯಲ್ಲಿ ಏಕಕಾಲಕ್ಕೆ ಮೂರು ಕಡೆ ವಿಡಿಯೋ ಓಡುತ್ತಿದ್ದರೆ ಮೂರನ್ನೂ ಕೂಡಿಸಬೇಕು. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್ ಇಳಿಯುತ್ತದೆ. ವೇಗವನ್ನು ರೂಟರ್ ಪಕ್ಕದಲ್ಲಿ ಕುಳಿತು ಫೋನ್‌ನಲ್ಲಿ ಅಳೆದು ತೃಪ್ತಿಪಡುವವರೇ ಹೆಚ್ಚು. ಅಳೆಯಬೇಕಾದದ್ದು ತೊಡಕುತ್ತಿರುವ ಸಾಧನದಲ್ಲಿ, ತೊಡಕುತ್ತಿರುವ ಹೊತ್ತಿನಲ್ಲಿ, ಒಂದಲ್ಲ ಮೂರು ಬಾರಿ. ಮೂರು ಅಂಕಿಗಳ ನಡುವೆ ಅಜಗಜಾಂತರವಿದ್ದರೆ ಅದೇ ಒಂದು ಸುಳಿವು.

ಆ ಅಜಗಜಾಂತರಕ್ಕೆ ಬಹುಪಾಲು ಕಾರಣ ವೈಫೈ. 2.4 ಗಿಗಾಹರ್ಟ್ಸ್ ಪಟ್ಟಿ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ಅದೇ ಪಟ್ಟಿಯಲ್ಲಿ ಬ್ಲೂಟೂತ್ ಸಾಧನಗಳೂ ಅಕ್ಕಪಕ್ಕದವರ ರೂಟರ್‌ಗಳೂ ಮಾತನಾಡುತ್ತಿರುತ್ತವೆ. ಮೈಕ್ರೋವೇವ್ ಒಲೆಯೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ. ಅಡುಗೆಯ ಹೊತ್ತಿಗೆ ಸರಿಯಾಗಿ ವಿಡಿಯೋ ನಿಲ್ಲುತ್ತಿದ್ದರೆ ಇಂಟರ್ನೆಟ್ ಸೇವೆಯವರನ್ನು ಬೈಯುವ ಮುನ್ನ ಅಡುಗೆಮನೆಯ ಕಡೆ ಒಮ್ಮೆ ನೋಡಿ. ಟಿವಿಯೂ ರೂಟರೂ ಒಂದೇ ಕೋಣೆಯಲ್ಲಿ ಅಥವಾ ಒಂದೇ ಗೋಡೆಯ ಅಂತರದಲ್ಲಿದ್ದರೆ 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಾಯಿಸಿ. ದೂರವಿದ್ದು 2.4 ಬಿಟ್ಟು ಗತಿಯಿಲ್ಲವೆಂದಾದರೆ ರೂಟರ್‌ನ ಚಾನೆಲನ್ನು 1, 6, 11 ಈ ಮೂರರಲ್ಲಿ ಒಂದಕ್ಕೆ ಇಡಿ, ಏಕೆಂದರೆ ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಸ್ಟಿಕ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಟಿವಿಯ ಬೆನ್ನಿಗೆ ನೇರವಾಗಿ ಸಿಕ್ಕಿಸಿದ ಸ್ಟಿಕ್‌ಗೆ ಟಿವಿಯ ಲೋಹದ ಭಾಗಗಳೇ ಅಡ್ಡಗೋಡೆ. ಜೊತೆಗೆ ಕೊಟ್ಟಿರುವ ಗಿಡ್ಡ ಎಚ್‌ಡಿಎಂಐ ತುಂಡನ್ನು ಬಳಸಿ ಸ್ಟಿಕ್ಕನ್ನು ಸ್ವಲ್ಪ ಹೊರಕ್ಕೆ ತಂದರೆ ಎಷ್ಟೋ ಸಲ ಅಷ್ಟರಿಂದಲೇ ತೊಂದರೆ ತೀರುತ್ತದೆ.

ಸಾಧ್ಯವಿದ್ದಲ್ಲೆಲ್ಲ ಕೇಬಲ್ ಎಳೆಯುವುದೇ ನನ್ನ ಸಲಹೆ. ಬಹಳಷ್ಟು ಟಿವಿಗಳ ಈಥರ್ನೆಟ್ ಕಿಂಡಿ 100 ಎಂಬಿಪಿಎಸ್‌ಗೆ ಸೀಮಿತವಾಗಿರುವುದರಿಂದ ವೇಗ ಪರೀಕ್ಷೆಯಲ್ಲಿ ವೈಫೈಗಿಂತ ಕಡಿಮೆ ಅಂಕಿ ಕಂಡು ಕೆಲವರು ಕೇಬಲ್ ಕಿತ್ತುಹಾಕುತ್ತಾರೆ. 4ಕೆ ಚಿತ್ರಕ್ಕೆ 15 ಸಾಕಾಗುವಾಗ ಕದಲದೆ ಬರುವ 90, ಏರಿಳಿಯುವ 300ಕ್ಕಿಂತ ಎಷ್ಟೋ ಮೇಲು.

ವೇಗವೂ ಇದ್ದು ವೈಫೈಯೂ ಚೆನ್ನಾಗಿದ್ದು ಚಕ್ರ ಬರುತ್ತಿದ್ದರೆ ಮನೆಯಲ್ಲಿ ಯಾರಾದರೂ ದೊಡ್ಡ ಕಡತಗಳನ್ನು ಮೇಲೇರಿಸುತ್ತಿದ್ದಾರೆಯೇ ವಿಚಾರಿಸಿ. ಫೋನ್‌ಗಳು ಚಾರ್ಜ್‌ಗೆ ಇಟ್ಟ ಹೊತ್ತಿನಲ್ಲಿ ಫೋಟೊಗಳನ್ನು ತಾವಾಗಿಯೇ ಬ್ಯಾಕಪ್ ಮಾಡುತ್ತವೆ. ಅಪ್‌ಲೋಡ್ ದಾರಿ ಕಿಕ್ಕಿರಿದಾಗ ಮುಂದಿನ ತುಣುಕು ಕಳುಹಿಸಿ ಎಂಬ ಟಿವಿಯ ಪುಟ್ಟ ಕೋರಿಕೆ ರೂಟರ್‌ನ ಸರತಿಯಲ್ಲೇ ಉಳಿದುಬಿಡುತ್ತದೆ. ಬ್ಯಾಕಪ್ಪನ್ನು ಮಧ್ಯರಾತ್ರಿಗೆ ಹಾಕಿ, ಅಥವಾ ರೂಟರ್‌ನಲ್ಲಿ ಕ್ಯೂಒಎಸ್ ಎಂಬ ಆಯ್ಕೆಯಿದ್ದರೆ ಟಿವಿಗೆ ಆದ್ಯತೆ ಕೊಡಿ. ತೊಂದರೆ ಸಂಜೆಯಿಂದ ರಾತ್ರಿಯವರೆಗೆ ಮಾತ್ರ ಕಾಣಿಸಿಕೊಂಡು ಬೆಳಗಿನ ಜಾವ ಮಾಯವಾಗುತ್ತಿದ್ದರೆ ದಟ್ಟಣೆ ಮನೆಯ ಹೊರಗಿನ ಜಾಲದ್ದು. ಹೊತ್ತಿನ ಜೊತೆಗೆ ಅಳತೆಗಳನ್ನು ಬರೆದಿಟ್ಟು ಸೇವೆ ಕೊಡುವವರ ಮುಂದಿಡುವುದೊಂದೇ ದಾರಿ.

ನೇರ ಪ್ರಸಾರದ ಕಥೆಯೇ ಬೇರೆ. ಮೊದಲೇ ರೆಕಾರ್ಡ್ ಮಾಡಿದ ಕಾರ್ಯಕ್ರಮದಲ್ಲಿ ಆ್ಯಪ್ ಬಹಳ ಮುಂದಿನ ತುಣುಕುಗಳನ್ನೂ ಕೂಡಿಟ್ಟುಕೊಳ್ಳಬಲ್ಲದು. ಇನ್ನೂ ನಡೆಯದ ಆಟದ ತುಣುಕನ್ನು ಎಲ್ಲಿಂದ ತರಬೇಕು? ಆದ್ದರಿಂದ ನೇರ ಪ್ರಸಾರದಲ್ಲಿ ದಾಸ್ತಾನು ಯಾವಾಗಲೂ ಚಿಕ್ಕದು, ಸಣ್ಣ ಅಡಚಣೆಗೂ ಚಕ್ರ ಬರುತ್ತದೆ. ಆ್ಯಪ್ ಹಿಂದಕ್ಕೆ ಸರಿಯಲು ಬಿಡುವುದಾದರೆ ಮೂವತ್ತು ಸೆಕೆಂಡೋ ಒಂದು ನಿಮಿಷವೋ ಹಿಂದಕ್ಕೆ ಹೋಗಿ ಅಲ್ಲಿಂದ ನೋಡಿ. ಆ ಅಂತರವೇ ದಾಸ್ತಾನಾಗಿ ಒದಗುತ್ತದೆ. ಬೆಲೆಯಿಲ್ಲದ ಈ ಉಪಾಯವನ್ನು ನಾನು ಬೇರೆಲ್ಲ ಸೆಟ್ಟಿಂಗ್‌ಗಳಿಗಿಂತ ಮೊದಲು ಬಳಸುತ್ತೇನೆ. ಪಕ್ಕದ ಮನೆಯ ಕೇಕೆ ಮೊದಲೇ ಕೇಳಿಸಿಬಿಡುವುದು ಮಾತ್ರ ಇದರಲ್ಲಿರುವ ಕಷ್ಟ.

ಡಿಎನ್‌ಎಸ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಡಿಎನ್‌ಎಸ್ ಎಂಬುದು ಸರ್ವರ್‌ನ ಹೆಸರಿನಿಂದ ಅದರ ವಿಳಾಸವನ್ನು ಹುಡುಕಿಕೊಡುವ ವ್ಯವಸ್ಥೆ. ಆ್ಯಪ್ ತೆರೆಯುವುದೇ ಇಲ್ಲ ಅಥವಾ ಪೋಸ್ಟರ್‌ಗಳು ಮೂಡುವುದಿಲ್ಲ ಎಂಬಂಥ ತೊಂದರೆಗೆ ಯಾರು ಬೇಕಾದರೂ ಬಳಸಬಹುದಾದ ಡಿಎನ್‌ಎಸ್ ವಿಳಾಸಗಳಾದ 1.1.1.1 ಅಥವಾ 8.8.8.8 ಹಾಕಿ ನೋಡುವುದರಲ್ಲಿ ಅರ್ಥವಿದೆ. ವಿಡಿಯೋ ಓಡತೊಡಗಿದ ಮೇಲೆ ಅದರ ವೇಗವನ್ನು ಡಿಎನ್‌ಎಸ್ ಹೆಚ್ಚಿಸುವುದಿಲ್ಲ. ಹತ್ತಿರದ ಸರ್ವರ್ ಬಿಟ್ಟು ದೂರದ್ದನ್ನು ತೋರಿಸಿ ಕೆಲವೊಮ್ಮೆ ನಿಧಾನಗೊಳಿಸುವುದೂ ಉಂಟು.

ಚಕ್ರವಿಲ್ಲ, ಆದರೂ ಚಿತ್ರ ಕುಂಟುತ್ತದೆ

ಚಕ್ರ ಬಾರದೆ ಚಿತ್ರ ಮಾತ್ರ ಕುಪ್ಪಳಿಸುತ್ತಾ ಸಾಗಿದರೆ ಜಾಲವನ್ನು ಬಿಟ್ಟು ಸಾಧನದ ಕಡೆ ತಿರುಗಿ. ವಿಡಿಯೋ ಬರುವುದು ಕುಗ್ಗಿಸಿದ ರೂಪದಲ್ಲಿ. ಆ ಕುಗ್ಗಿಸುವ ಬಗೆಗೆ ಕೋಡೆಕ್ ಎನ್ನುತ್ತಾರೆ: 2003ರ ಎಚ್.264, 2013ರ ಎಚ್‌ಇವಿಸಿ, 2018ರ ಎವಿ1. ಇವನ್ನು ಬಿಡಿಸಲು ಚಿಪ್‌ನಲ್ಲೇ ಪ್ರತ್ಯೇಕ ಭಾಗವಿದ್ದರೆ ಕೆಲಸ ಹಗುರ. ಇಲ್ಲದಿದ್ದರೆ ಮುಖ್ಯ ಪ್ರೊಸೆಸರ್ ಒಂದೊಂದು ಚೌಕಟ್ಟನ್ನೂ (ಫ್ರೇಮ್) ತಾನೇ ಲೆಕ್ಕಹಾಕಬೇಕಾಗಿ ಬಂದು, ಸಾಧನ ಬಿಸಿಯಾಗಿ, ಚೌಕಟ್ಟುಗಳು ತಪ್ಪುತ್ತವೆ. ಹಳೆಯ ಸಾಧನದಲ್ಲಿ 4ಕೆ ಚಾನೆಲ್ ಮಾತ್ರ ಕುಂಟಿ 1080ಪಿ ಚಾನೆಲ್ ನೆಟ್ಟಗೆ ಓಡುತ್ತಿದ್ದರೆ ಇದೇ ಕಾರಣವಿರಬಹುದು. ಆ್ಯಪ್‌ನ ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡರ್ ಆಯ್ಕೆಯಾಗಿದೆಯೇ ನೋಡಿ. ಅದರಲ್ಲಿ ಬಣ್ಣ ಬಣ್ಣದ ಚೌಕಗಳು ಅಥವಾ ಹಸಿರು ಪರದೆ ಕಂಡರೆ ಮಾತ್ರ ಸಾಫ್ಟ್‌ವೇರ್ ಡಿಕೋಡರ್‌ಗೆ ಬದಲಿಸಿ. ಎರಡರಲ್ಲೂ ಆಗದಿದ್ದರೆ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಬೇಕು.

ಸ್ಟಿಕ್‌ಗೆ ವಿದ್ಯುತ್ ಎಲ್ಲಿಂದ ಬರುತ್ತಿದೆ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಟಿವಿಯ ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಮಾನಕದ ಪ್ರಕಾರ 500 ಮಿಲಿಆಂಪಿಯರ್ ಕೊಡಬೇಕಾದದ್ದು. ಹಲವು ಸ್ಟಿಕ್‌ಗಳ ಜೊತೆಗೆ ಬರುವ ಅಡಾಪ್ಟರ್ ಅದರ ಎರಡು ಪಟ್ಟು, ಅಂದರೆ 1 ಆಂಪಿಯರ್ ಕೊಡುತ್ತದೆ. ನನ್ನ ಸ್ಟಿಕ್ಕೊಂದು ಬಿರುಸಿನ ದೃಶ್ಯ ಬಂದಾಗಲೆಲ್ಲ ತಾನಾಗಿ ಆರಿ ಹತ್ತುತ್ತಿತ್ತು. ವಾರಗಟ್ಟಲೆ ಆ್ಯಪನ್ನು ಶಪಿಸಿದ ಮೇಲೆ, ಮೂಲೆಯಲ್ಲಿ ಬಿದ್ದಿದ್ದ ಅದರದೇ ಅಡಾಪ್ಟರನ್ನು ಗೋಡೆಯ ಸಾಕೆಟ್‌ಗೆ ಹಾಕಿದ ದಿನದಿಂದ ಆ ಕಾಟ ತಪ್ಪಿತು.

ಕ್ಯಾಮೆರಾ ನಿಧಾನವಾಗಿ ಅಡ್ಡಕ್ಕೆ ತಿರುಗುವಾಗ ಮಾತ್ರ ನಡುಗುವ ಚಿತ್ರಕ್ಕೆ ಕಾರಣ ಚೌಕಟ್ಟಿನ ದರ. ಸಿನಿಮಾಗಳು ಸಾಮಾನ್ಯವಾಗಿ ಸೆಕೆಂಡಿಗೆ 24 ಚೌಕಟ್ಟುಗಳದ್ದು, ಟಿವಿ 60 ಹರ್ಟ್ಸ್‌ನಲ್ಲಿ ಓಡುತ್ತದೆ. 24ರಿಂದ 60 ಸರಿಯಾಗಿ ಭಾಗವಾಗದ ಕಾರಣ ಕೆಲವು ಚೌಕಟ್ಟುಗಳು ಎರಡು ಸಲ, ಕೆಲವು ಮೂರು ಸಲ ಕಾಣಿಸಿಕೊಳ್ಳುತ್ತವೆ. ಸಾಧನದ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಫ್ರೇಮ್ ರೇಟ್ ಹೊಂದಿಸುವ ಆಯ್ಕೆಯಿದ್ದರೆ ಅದನ್ನು ಚಾಲೂ ಮಾಡಿ. ವೇಗದ ಚಲನೆಯಲ್ಲಿ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಂಡರೆ ಅದು ಇಂಟರ್‌ಲೇಸ್ ಮಾಡಿದ, ಅಂದರೆ ಚಿತ್ರದ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಕಳುಹಿಸುವ ಪ್ರಸಾರ. ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆಯ್ಕೆಯನ್ನು ಹಚ್ಚಬೇಕು.

ಧ್ವನಿಯಿದೆ, ಚಿತ್ರವಿಲ್ಲ; ಚಿತ್ರವಿದೆ, ಧ್ವನಿಯಿಲ್ಲ

ಮಾತು ಕೇಳಿಸುತ್ತಿದ್ದು ಪರದೆ ಕಪ್ಪಾಗಿದ್ದರೆ ಮೊದಲ ಅನುಮಾನ ನಕಲು ತಡೆಯ ವ್ಯವಸ್ಥೆಯ ಮೇಲೆ. ಸ್ಟಿಕ್, ನಡುವೆ ಇರುವ ಸೌಂಡ್‌ಬಾರ್ ಅಥವಾ ರಿಸೀವರ್, ಟಿವಿ ಈ ಮೂರೂ ಎಚ್‌ಡಿಸಿಪಿ ಎಂಬ ಒಪ್ಪಂದದಲ್ಲಿ ಪರಸ್ಪರ ಗುರುತು ತೋರಿಸಿಕೊಂಡರಷ್ಟೇ ಚಿತ್ರ ಹೊರಬೀಳುತ್ತದೆ. 4ಕೆಗೆ ಬಹುತೇಕ ಸೇವೆಗಳು ಇದರ 2.2ನೆಯ ಆವೃತ್ತಿಯನ್ನು ಕೇಳುತ್ತವೆ. ಮೂರನ್ನೂ ಆರಿಸಿ, ಕೇಬಲ್ ಕಿತ್ತು ಹಾಕಿ, ಮೊದಲು ಟಿವಿಯನ್ನೂ ಕೊನೆಗೆ ಸ್ಟಿಕ್ಕನ್ನೂ ಹಚ್ಚಿ ನೋಡಿ. ಸೌಂಡ್‌ಬಾರನ್ನು ಬಿಟ್ಟು ಸ್ಟಿಕ್ಕನ್ನು ನೇರವಾಗಿ ಟಿವಿಗೆ ಹಾಕಿದಾಗ ಚಿತ್ರ ಬಂದರೆ ಅಡ್ಡಿ ನಡುವಿನ ಸಾಧನದ್ದು. ಕೆಲವು ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಕಿಂಡಿಗಳೂ ಒಂದೇ ಸಾಮರ್ಥ್ಯದವಲ್ಲ, ಆದ್ದರಿಂದ ಕಿಂಡಿ ಬದಲಿಸಿಯೂ ನೋಡಬೇಕು. ಫೋನ್‌ನ ಪರದೆಯನ್ನು ಟಿವಿಗೆ ಪ್ರತಿಬಿಂಬಿಸುವಾಗ ಅಥವಾ ಪರದೆಯನ್ನು ರೆಕಾರ್ಡ್ ಮಾಡುವಾಗ ಕಪ್ಪಾಗುವುದು ದೋಷವಲ್ಲ, ಉದ್ದೇಶಪೂರ್ವಕ ತಡೆ. ಫೋನ್‌ನಲ್ಲಿ ಗುಣಮಟ್ಟ ಎಚ್‌ಡಿಗೆ ಏರುವುದೇ ಇಲ್ಲ ಎಂಬ ದೂರೂ ಇದೇ ಗುಂಪಿಗೆ ಸೇರಿದ್ದು: ಆಂಡ್ರಾಯ್ಡ್ ಸಾಧನಕ್ಕೆ ವೈಡ್‌ವೈನ್ ಎಂಬ ನಕಲು ತಡೆ ವ್ಯವಸ್ಥೆಯ ಎಲ್1 ಮಟ್ಟದ ಮಾನ್ಯತೆ ಇಲ್ಲದೆ ಎಲ್3 ಮಾತ್ರ ಇದ್ದರೆ ಹಲವು ಸೇವೆಗಳು ಕೆಳಮಟ್ಟದ ಚಿತ್ರವನ್ನಷ್ಟೇ ಕೊಡುತ್ತವೆ. ಯಾವ ಸೆಟ್ಟಿಂಗ್ ಬದಲಿಸಿಯೂ ಅದನ್ನು ಮೀರಲಾಗದು.

ಚಿತ್ರವಿದ್ದು ಧ್ವನಿ ಇಲ್ಲದಿದ್ದರೆ, ಅದೂ ಕೆಲವೇ ಕಾರ್ಯಕ್ರಮಗಳಲ್ಲಿ ಇಲ್ಲದಿದ್ದರೆ, ಆ ಕಾರ್ಯಕ್ರಮದ ಡಾಲ್ಬಿ ಧ್ವನಿಯನ್ನು ನಿಮ್ಮ ಟಿವಿ ಅಥವಾ ಸೌಂಡ್‌ಬಾರ್ ಬಿಡಿಸಲಾರದೆ ಇರಬಹುದು. ಸಾಧನದ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸರೌಂಡ್ ಅಥವಾ ಪಾಸ್‌ಥ್ರೂ ಬದಲು ಪಿಸಿಎಂ ಅಥವಾ ಸ್ಟೀರಿಯೋ ಆರಿಸಿ. ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪಿದ್ದರೆ ಮೊದಲು ಬ್ಲೂಟೂತ್ ಸ್ಪೀಕರನ್ನು ಕಳಚಿ ಟಿವಿಯ ಸ್ವಂತ ಸ್ಪೀಕರ್‌ನಲ್ಲಿ ಕೇಳಿ. ಬ್ಲೂಟೂತ್ ಧ್ವನಿ ಒಂದಿಷ್ಟು ತಡವಾಗಿಯೇ ತಲುಪುತ್ತದೆ. ಎಲ್ಲ ಆ್ಯಪ್‌ಗಳಲ್ಲೂ ತಾಳ ತಪ್ಪಿದರೆ ಆಡಿಯೋ ಡಿಲೇ ಸೆಟ್ಟಿಂಗ್‌ನಲ್ಲಿ ಹೊಂದಿಸಿ, ಒಂದೇ ಚಾನೆಲ್‌ನಲ್ಲಿ ತಪ್ಪಿದರೆ ಸುಮ್ಮನಿರಿ. ಆ ಚಾನೆಲ್‌ಗೆಂದು ಹೊಂದಿಸಿದರೆ ಉಳಿದ ನೂರು ಚಾನೆಲ್ ಕೆಡುತ್ತವೆ.

ದೋಷದ ಸಂದೇಶಗಳು

ಪರದೆಯ ಮೇಲಿನ ಅಂಕಿ ಕಂಡು ಗಾಬರಿಯಾಗಬೇಕಿಲ್ಲ. ಅದು ನಿಮ್ಮ ಕೆಲಸವನ್ನು ಹಗುರ ಮಾಡುತ್ತದೆ. 403 ಎಂದರೆ ನಿಮ್ಮ ಕೋರಿಕೆ ಸರ್ವರನ್ನು ತಲುಪಿದೆ, ಆದರೆ ಅದು ಅನುಮತಿ ನಿರಾಕರಿಸಿದೆ: ಚಂದಾ ಮುಗಿದಿರಬಹುದು, ಆ ಕಾರ್ಯಕ್ರಮ ನೀವಿರುವ ದೇಶದಲ್ಲಿ ಲಭ್ಯವಿಲ್ಲದಿರಬಹುದು, ನೀವಿರುವ ಜಾಗವನ್ನು ಮರೆಮಾಡುವ ವಿಪಿಎನ್ ಹಚ್ಚಿರಬಹುದು. 404 ಎಂದರೆ ಕೇಳಿದ್ದು ಆ ಜಾಗದಲ್ಲಿಲ್ಲ. 429 ಬಂದರೆ ಬಹಳ ಬೇಗ ಬಹಳ ಸಲ ಕೇಳಿದ್ದೀರಿ, ಮತ್ತೆ ಮತ್ತೆ ಒತ್ತದೆ ಸ್ವಲ್ಪ ಕಾಯಿರಿ. 500, 502, 503 ಇವೆಲ್ಲ ಸರ್ವರ್ ಕಡೆಯ ತೊಂದರೆಗಳು. ಇಂಥ ಸಂದೇಶ ಬಂದಾಗ ಟಿವಿಯನ್ನು ರೀಸೆಟ್ ಮಾಡುವುದು ವ್ಯರ್ಥ ಶ್ರಮ. ಒಂದೇ ಖಾತೆಯನ್ನು ಹಲವರು ಬಳಸುತ್ತಿದ್ದರೆ ಏಕಕಾಲದ ಪರದೆಗಳ ಮಿತಿ ಮೀರಿ ಆ್ಯಪ್ ನಿಲ್ಲುತ್ತದೆ. ಖಾತೆಯ ಪುಟದಲ್ಲಿ ಬೇಡದ ಸಾಧನಗಳನ್ನು ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ.

ಯಾವ ಆ್ಯಪ್ ಕೂಡ ತೆರೆಯದೆ ಭದ್ರ ಸಂಪರ್ಕ ಸಾಧ್ಯವಾಗಲಿಲ್ಲ ಎಂದು ಹೇಳಿದರೆ ಟಿವಿಯ ದಿನಾಂಕ ಮತ್ತು ಗಡಿಯಾರ ನೋಡಿ. ಸರ್ವರ್‌ಗಳ ಗುರುತಿನ ಪ್ರಮಾಣಪತ್ರಗಳಿಗೆ ಅವಧಿಯಿರುತ್ತದೆ. ಟಿವಿ ತಾನು 2015ರಲ್ಲಿದ್ದೇನೆ ಎಂದುಕೊಂಡಿದ್ದರೆ ಅದಕ್ಕೆ ಇಂದಿನ ಪ್ರಮಾಣಪತ್ರಗಳು ಇನ್ನೂ ಹುಟ್ಟೇ ಇಲ್ಲ. ದಿನಾಂಕವನ್ನು ಜಾಲದಿಂದ ತಾನಾಗಿ ಪಡೆಯುವಂತೆ ಇಡಿ. ಗಡಿಯಾರ ಸರಿಯಿದ್ದರೂ ವರ್ಷಗಳಿಂದ ಅಪ್‌ಡೇಟ್ ಸಿಗದ ಸಾಧನದಲ್ಲಿ ಮೂಲ ಪ್ರಮಾಣಪತ್ರಗಳೇ ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ರಂದು ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ ಅಂಥ ಕೆಲವು ಹಳೆಯ ಸಾಧನಗಳು ಸಂಪರ್ಕ ಕಳೆದುಕೊಂಡಿದ್ದವು. ಆ ಟಿವಿಗೆ ಹೊಸ ಸ್ಟಿಕ್ಕೊಂದನ್ನು ಸಿಕ್ಕಿಸುವುದು ಹೊಸ ಟಿವಿ ಕೊಳ್ಳುವುದಕ್ಕಿಂತ ಅಗ್ಗದ ದಾರಿ.

ಅಧಿಕೃತ ಸೇವೆಯವರು ಕೊಟ್ಟ ಎಂ3ಯು ಎಂಬ ಚಾನೆಲ್ ವಿಳಾಸಗಳ ಪಟ್ಟಿಯನ್ನು ಪ್ಲೇಯರ್‌ಗೆ ಹಾಕಿಕೊಂಡು ನೋಡುವವರಿಗೆ ಎರಡು ಮಾತು. ಚಾನೆಲ್‌ಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದರೆ ಪಟ್ಟಿಯ ವಿಳಾಸಗಳು ಹಳತಾಗಿವೆ, ಅದನ್ನು ಮತ್ತೊಮ್ಮೆ ತರಿಸಿಕೊಳ್ಳಬೇಕು. ಕಾರ್ಯಕ್ರಮಗಳ ವೇಳಾಪಟ್ಟಿ ಸರಿಯಾಗಿ ಇಂತಿಷ್ಟೇ ಗಂಟೆ ಹಿಂದುಮುಂದಾಗಿದ್ದರೆ ಅದು ಸಮಯವಲಯದ ತಪ್ಪು. ಪ್ಲೇಯರ್‌ನಲ್ಲಿ ಅಷ್ಟು ಗಂಟೆಗಳ ಸರಿಪಡಿಕೆ ಹಾಕಿದರೆ ಮುಗಿಯಿತು.

ಆ್ಯಪನ್ನು ಶುಚಿಮಾಡುವ ಕ್ರಮ

ದೋಷ ಆ್ಯಪ್‌ನಲ್ಲೇ ಇದೆಯೆಂದು ಖಚಿತವಾದ ಮೇಲೆ ಹಗುರವಾದ ಕ್ರಮದಿಂದ ಕಠಿಣ ಕ್ರಮದತ್ತ ಹೋಗಬೇಕು. ಮೊದಲು ಫೋರ್ಸ್ ಸ್ಟಾಪ್ ಮಾಡಿ ಮತ್ತೆ ತೆರೆಯಿರಿ. ನಂತರ ಕ್ಯಾಶ್ ಅಳಿಸಿ. ಇದರಿಂದ ತಾತ್ಕಾಲಿಕ ಕಡತಗಳಷ್ಟೇ ಹೋಗುತ್ತವೆ, ಲಾಗಿನ್ ಉಳಿಯುತ್ತದೆ. ಅದರ ಪಕ್ಕದಲ್ಲೇ ಇರುವ ಕ್ಲಿಯರ್ ಡೇಟಾ ಒತ್ತಿದರೆ ಲಾಗಿನ್, ಸೆಟ್ಟಿಂಗ್ಸ್, ಆಫ್‌ಲೈನ್ ಇಳಿಸಿಕೊಂಡ ವಿಡಿಯೋಗಳೆಲ್ಲ ಹೋಗುತ್ತವೆ, ಆದ್ದರಿಂದ ಪಾಸ್‌ವರ್ಡ್ ನೆನಪಿದೆಯೇ ಎಂದು ಖಾತ್ರಿಪಡಿಸಿಕೊಂಡೇ ಅದನ್ನು ಮುಟ್ಟಿ. ಆ್ಯಪ್ ಮತ್ತು ಟಿವಿ ಎರಡರ ಅಪ್‌ಡೇಟ್‌ಗಳನ್ನೂ ಹಾಕಿ. ಸಾಧನದಲ್ಲಿ ಖಾಲಿ ಜಾಗ ಇದೆಯೇ ಎಂಬುದನ್ನೂ ನೋಡಬೇಕು. ಹಲವು ಸ್ಟಿಕ್‌ಗಳ ಒಟ್ಟು ಸಂಗ್ರಹವೇ 8 ಗಿಗಾಬೈಟ್, ಅದರಲ್ಲಿ ಒಂದು ದೊಡ್ಡ ಪಾಲನ್ನು ಅದರದೇ ತಂತ್ರಾಂಶ ನುಂಗಿರುತ್ತದೆ, ಉಳಿದದ್ದು ತುಂಬಿದಾಗ ಆ್ಯಪ್‌ಗಳು ಕಾರಣ ಹೇಳದೆ ಮುಚ್ಚಿಕೊಳ್ಳುತ್ತವೆ. ಅಳಿಸಿ ಮತ್ತೆ ಹಾಕುವುದು ಇಷ್ಟೆಲ್ಲ ಆದ ಮೇಲಿನ ಮಾತು. ಫ್ಯಾಕ್ಟರಿ ರೀಸೆಟ್ ಅಂತೂ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಒಂದೇ ಆ್ಯಪ್ ತೊಡಕುತ್ತಿರುವಾಗ ಅದನ್ನು ಮಾಡಿ ಉಪಯೋಗವಾದದ್ದನ್ನು ನಾನು ಕಂಡದ್ದು ತೀರಾ ಕಡಿಮೆ.

ಕಂಪ್ಯೂಟರಿನ ಬ್ರೌಸರ್‌ನಲ್ಲಿ ನೋಡುವವರು ಎಕ್ಸ್‌ಟೆನ್ಶನ್‌ಗಳಿಲ್ಲದ ಖಾಸಗಿ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆರಿಸುತ್ತಾ ಹೋದಾಗ ಅಪರಾಧಿ ಸಿಕ್ಕೇ ಸಿಗುತ್ತದೆ.

ಇಷ್ಟಾದರೂ ಆಗದಿದ್ದರೆ ಸೇವೆಯವರಿಗೆ ಬರೆಯಿರಿ. ಕೆಲಸ ಮಾಡುತ್ತಿಲ್ಲ ಎಂದಷ್ಟೇ ಬರೆದರೆ ರೀಸ್ಟಾರ್ಟ್ ಮಾಡಿ ಎಂಬ ಸಿದ್ಧ ಉತ್ತರ ಬರುತ್ತದೆ. ಸಾಧನದ ಮಾದರಿ, ಅದರ ತಂತ್ರಾಂಶದ ಮತ್ತು ಆ್ಯಪ್‌ನ ಆವೃತ್ತಿ, ಚಾನೆಲ್ ಅಥವಾ ಕಾರ್ಯಕ್ರಮದ ಹೆಸರು, ತೊಂದರೆ ಆದ ದಿನಾಂಕ ಮತ್ತು ನಿಮಿಷ, ಪರದೆಯ ಮೇಲಿದ್ದ ಅಂಕಿ, ಆ ಹೊತ್ತಿನ ವೇಗದ ಅಳತೆ, ನೀವು ಈಗಾಗಲೇ ಮಾಡಿ ನೋಡಿದ ಪರೀಕ್ಷೆಗಳು ಇವಿಷ್ಟನ್ನು ಬರೆದು, ದೋಷದ ಸಂದೇಶದ ಫೋಟೊ ಲಗತ್ತಿಸಿ. ಸಮಯವನ್ನು ನಿಮಿಷದವರೆಗೆ ಬರೆಯುವುದನ್ನು ಮಾತ್ರ ಮರೆಯಬೇಡಿ, ಏಕೆಂದರೆ ಸರ್ವರ್‌ನ ದಾಖಲೆಗಳಲ್ಲಿ ನಿಮ್ಮ ತೊಂದರೆಯನ್ನು ಅವರು ಹುಡುಕುವುದು ಅದರಿಂದಲೇ.